ಟಿ ಮೇಲೆ ಬೇಡ

ಹಾಲಿನಂಥ ವಾರ್ನಿಷ್ ಅದು, ಡಬ್ಬಿ ತೆರೆದರೆ.
ಬಳಿಯುವಾಗ ಬೆಳ್ಳಗೆ, ಒಣಗಿದ ಮೇಲೆ ಏನೂ ಇಲ್ಲ.
ಏನೂ ಇಲ್ಲದ್ದಕ್ಕೆ ಇಷ್ಟು ರೊಕ್ಕವೇ ಅಂತಾರೆ
ನಂಬರ್ ಪ್ಲೇಟಿಗೂ ಚೌಕಾಸಿ ಮಾಡುವ ಜನ.
ಕಾಣದ್ದಕ್ಕೇ ರೇಟು ಜಾಸ್ತಿ ಅಂತೀನಿ ನಾನು,
ಬಳ್ಳಾರಿ ಕೌಲ್ ಬಜಾರಿನ
ರೇಡಿಯಂ ಕಟಿಂಗ್ ಹೊನ್ನೂರವಲಿ.

ಮೊದಲು ನನಗೂ ಗೊತ್ತಿರಲಿಲ್ಲ.
ಹಲ್ಲಿನ ಡಾಕ್ಟರೊಬ್ಬರ ಬೋರ್ಡಿಗೆ
ಥಿನ್ನರ್ ಬೆರೆಸಿದ ಲ್ಯಾಕರ್ ಸುರಿದಿದ್ದೆ, ಧಾರಾಳ.
ಕಣ್ಣೆದುರೇ ಮುದುಡಿದವು ಅಕ್ಷರ,
ಕೆಂಡದ ಮೇಲಿನ ಹಪ್ಪಳದ ಹಾಗೆ.
ದಂತ ಹೋಗಿ ದತ ಆಯಿತು.
ಸೊನ್ನೆ ನನ್ನ ಅಂಗಿತೋಳಿಗೆ ಅಂಟಿ ಮನೆಗೆ ಬಂತು.
ಅವತ್ತು ಕಲಿತದ್ದು:
ಮೊದಲು ಏಳುವುದು ದೊಡ್ಡಕ್ಷರ ಅಲ್ಲ,
ಸೊನ್ನೆ, ಒತ್ತು, ತಲೆಕಟ್ಟಿನ ತುದಿ.
ಸಣ್ಣವಕ್ಕೆ ಅಂಟು ಕಡಿಮೆ, ಅಂಚು ಜಾಸ್ತಿ.

ಶಿವರಾತ್ರಿ ಮುಗಿದ ವಾರ ಒಬ್ಬರು ಬಂದರು,
ಕರಿಕೋಟು ಕೈಮೇಲೆ, ಕಂಕುಳಲ್ಲಿ ಸಾಗವಾನಿ ಹಲಗೆ.
ಚೀಟಿಯಲ್ಲಿ ಬರೆದುಕೊಟ್ಟರು:
ಟಿ. ಅಂಜಿನಮ್ಮ, ವಕೀಲರು.
"ಪಡುವಣ ಬಾಗಿಲು ನಮ್ಮದು, ಎಷ್ಟು ವರ್ಷ ತಾಳುತ್ತೆ?"
"ಮೇಲೆ ಬಳಿದರೆ ಏಳೆಂಟು.
ಬಳಿಯದಿದ್ದರೆ ಎರಡು ಬೇಸಿಗೆ, ಹೆಚ್ಚಂದ್ರೆ."
ಅವರು ಹಲಗೆ ನೋಡಿದರು, ನನ್ನ ನೋಡಲಿಲ್ಲ.
"ಹಂಗಾದ್ರೆ ಟಿ ಮೇಲೆ ಬಳೀಬೇಡ್ರಿ."

ಟಿ ಅಂದರೆ ಊರೋ, ಅಪ್ಪನೋ, ಗಂಡನೋ,
ಕೇಳಲಿಲ್ಲ.
ಬೇಡವಾದರೆ ಕತ್ತರಿಸೋದೇ ಬಿಡೋಣ ಅಂತ
ನಾಲಿಗೆತುದಿಗೆ ಬಂದದ್ದನ್ನು ನುಂಗಿದೆ.
ಬೇಡ ಅಂದಿರಲಿಲ್ಲ ಅವರು. ಬಳೀಬೇಡ ಅಂದಿದ್ದರು.
ಕೋರ್ಟಿನವರಿಗೆ ಮಾತಿನ ಅಳತೆ ಗೊತ್ತು.

ಬೆಳಗಿನ ಐದಕ್ಕೆ ಕೂತೆ.
ಹೊತ್ತು ಏರಿದರೆ ಬ್ರಷ್ ಎಳೆಯುತ್ತದೆ,
ಅದಿರಿನ ಲಾರಿ ಹೊರಟರೆ ಕೆಂಪು ಪುಡಿ ಕೂರುತ್ತದೆ.
ನೆಲಕ್ಕೆ ನೀರು ಚಿಮುಕಿಸಿ ಫ್ಯಾನು ಆರಿಸಿದೆ.
ಬರಿಮರಕ್ಕೆ ಅಂಟು ನಿಲ್ಲದು,
ಹಿಂದಿನ ರಾತ್ರಿಯೇ ಒಂದು ಕೈ ಕುಡಿಸಿಟ್ಟಿದ್ದೆ.
ಅಕ್ಷರ ಇಟ್ಟು ಹಳೇ ಎಟಿಎಂ ಕಾರ್ಡಿನಿಂದ ಉಜ್ಜಿದೆ,
ನಡುವಿನಿಂದ ಅಂಚಿಗೆ ಗುಳ್ಳೆ ಓಡಿಸುತ್ತ.
ಟಿ ಮೇಲೆ ಮಾತ್ರ ಟೇಪಿನದೊಂದು ಚೌಕ,
ಗಾಯಕ್ಕೆ ಪಟ್ಟಿ ಹಾಕಿದ ಹಾಗೆ. ಅಲ್ಲ, ಉಲ್ಟಾ:
ಈ ಪಟ್ಟಿ ಇದ್ದದ್ದು ಕಾಯದೆ ಬಿಡುವುದಕ್ಕೆ.

ಮೊದಲ ಕೈ ತೆಳ್ಳಗೆ, ಕನ್ನಡಿಗೆ ಉಸಿರು ತಾಗಿದಷ್ಟು.
ಎರಡು ತಾಸು ಬಿಟ್ಟು ನುಣುಪು ಉಪ್ಪುಕಾಗದ, ಅಕ್ಷರದ ಅಂಚು ತಪ್ಪಿಸಿ.
ಎರಡನೇ ಕೈ, ಮರದ ಗೆರೆ ಹೋದ ಕಡೆಗೇ.
ಬಳಿದು ಬಂದ ದಾರಿಗೆ ತಿರುಗಿ ಕೈ ಹಾಕಬಾರದು,
ಸರಿಮಾಡಲು ಹೋದಲ್ಲೇ ಬರೆ ಬೀಳುವುದು.
ಮೂರನೇ ಕೈಗೆ ಸೊಳ್ಳೆಯೊಂದು ಬಂದು ಕೂತಿತು
ಮ್ಮದ ಒತ್ತಿನ ಪಕ್ಕಕ್ಕೆ.
ಸೂಜಿಯಿಂದ ಎತ್ತಿದೆ. ಒಂದು ಕಾಲು ಒಳಗೇ ಉಳಿಯಿತು.
ವಕೀಲರಿಗೆ ಹೇಳಲಿಲ್ಲ.

ಟೇಪು ಕಿತ್ತಾಗ
ಕಣ್ಣಿಗೆ ಏನಿಲ್ಲ. ಬೆರಳಿಗೆ ಮಾತ್ರ
ಟಿಗೂ ಅಂಗೂ ನಡುವೆ ಒಂದು ಮೆಟ್ಟಿಲು,
ಇರುವೆ ಹತ್ತುವಷ್ಟು.
ಅವರೂ ಬಂದು ಅಲ್ಲಿಯೇ ಬೆರಳಿಟ್ಟರು,
ಆಚೆಗೊಮ್ಮೆ, ಈಚೆಗೊಮ್ಮೆ.
"ಒಂದಕ್ಷರದ ಬಣ್ಣ ಉಳೀತಲ್ಲ,
ಇಪ್ಪತ್ತು ರೂಪಾಯಿ ಬಿಡ್ರಿ" ಅಂದರು.
ಬಿಟ್ಟೆ.

ಮೇ ತಿಂಗಳಲ್ಲಿ ಆ ಓಣಿಗೆ ಹೋಗಿದ್ದೆ, ಬೇರೆ ಕೆಲಸಕ್ಕೆ.
ಅಂಜಿನಮ್ಮ ಗಟ್ಟಿ ಕೂತಿದ್ದರು
ಸೊನ್ನೆ ಒತ್ತು ಸಮೇತ, ಸೊಳ್ಳೆಕಾಲು ಸಮೇತ.
ಟಿಯ ಗುಡಿಸಿನ ತುದಿ ಎದ್ದಿತ್ತು,
ಅಡಿಯಲ್ಲಿ ಕೂದಲೆಳೆಯಷ್ಟು ಕೆಂಪು ಧೂಳು.
ಉಗುರು ತಾಗಿಸಿದ್ದರೆ ಸಾಕಿತ್ತು.
ಕಟ್ಟೆಯ ಮೇಲೆ ಕಕ್ಷಿದಾರರಿಬ್ಬರು
ಫೈಲು ತೊಡೆಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.
ಕೈ ಜೇಬಿಗೆ ಹಾಕಿಕೊಂಡು ಬಂದೆ.

ಇನ್ನೊಂದು ಬೇಸಿಗೆ ಇದೆ.